ಕರೆಯದೆ ಬರುತ್ತಿದ್ದ ಮೌಶಿ

ನವೆಂಬರ್ ಬಂತೆಂದರೆ ಮೌಶಿಯ ಮೂಗಿನ ತುದಿ ಕೆಂಪಗಾಗುತ್ತಿತ್ತು. ಏಪ್ರಿಲ್ ಮುಗಿಯುವವರೆಗೂ ಆ ಕೆಂಪು ಇಳಿಯುತ್ತಿರಲಿಲ್ಲ. ಮೂಗಿನಲ್ಲಿ ಹರಳಿನ ದೊಡ್ಡ ಮೂಗುಬೊಟ್ಟು. ಹೊರಗೆ ನಾಲ್ಕು ಹೆಜ್ಜೆ ನಡೆದರೆ ಸಾಕು, ಅದರ ಚಿನ್ನ ಕೊರೆಯುವಷ್ಟು ತಣ್ಣಗಾಗಿ ಮೂಗನ್ನು ಕಚ್ಚುತ್ತಿತ್ತು. ಆಗ ಅವರು ಎಡಗೈಯಿಂದ ಮೂಗು ಮುಚ್ಚಿ ಹಿಡಿದು, ಬಲಗೈ ಬೀಸಿ ಬೀಸಿ ಮಾತಾಡುತ್ತಿದ್ದರು. ಮೊದಲ ಸಲ ನೋಡಿದವರಿಗೆ ತಮ್ಮ ಮನೆಯಲ್ಲಿ ಏನೋ ವಾಸನೆ ಬರುತ್ತಿರಬೇಕು ಎಂಬ ಅನುಮಾನ. ನನಗೂ ಬಂದಿತ್ತು. "ಚಳಿಗಾಲ ಮುಗಿಯೋವರೆಗೆ ಅದನ್ನ ತೆಗೆದಿಡಬಾರದಾ?" ಎಂದರೆ, "ಚಳಿಗೆ ಅಂಜಿ ಮೂಗಬಟ್ಟ ತಗದೆ ಅಂದ್ರ, ನಾಳೆ ಮೂಗೂ ತಗೀ ಅಂತದ ಈ ಊರು" ಎನ್ನುತ್ತಿದ್ದರು.

ಅವರ ಪರಿಚಯವಾದದ್ದು ನಾವು ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ. ನನ್ನ ಗಂಡ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವವರು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದರು. ನನ್ನದು ಕೆಲಸ ಮಾಡುವ ಹಾಗಿಲ್ಲದ ವೀಸಾ. ಡ್ರೈವಿಂಗ್ ಬರುವುದಿಲ್ಲ. ನಡೆದು ಹೋಗೋಣವೆಂದರೆ ಆ ರಸ್ತೆಯಲ್ಲಿ ಫುಟ್‌ಪಾತೇ ಇಲ್ಲ. ಒಂದು ಮಧ್ಯಾಹ್ನ ಯಾರೋ ಹಿಂದಿನ ಗಾಜಿನ ಬಾಗಿಲನ್ನು ಅಂಗೈಯಿಂದ ದಬದಬ ಬಡಿದರು. ನೋಡಿದರೆ ಮೊಣಕಾಲು ಮುಟ್ಟುವ ಗಂಡಸರ ಜಾಕೆಟ್ಟು, ಅದರ ಕೆಳಗೆ ಇಳಕಲ್ ಸೀರೆಯ ಅಂಚು, ಅದರ ಕೆಳಗೆ ಸ್ನೋ ಬೂಟು. ಕೈಯಲ್ಲಿ ಸ್ಟೀಲ್ ಡಬ್ಬಿ. ನಾನು ಬಾಗಿಲು ತೆಗೆಯುವ ಮೊದಲೇ ಗಾಜಿನಾಚೆಯಿಂದ ಮಾತು ಶುರುವಾಗಿತ್ತು.

"ಹಿಂದಿನ ಮನಿಯಾಕಿ ನಾನು. ನಿಮ್ಮ ಕಿಡಕ್ಯಾಗ ಇಡ್ಲಿ ಸ್ಟ್ಯಾಂಡ್ ಕಂಡ್ತು. ಯಾವೂರವಾ?"

"ಮೈಸೂರು" ಎಂದೆ.

"ಇರ್ಲಿ ಬಿಡು, ಏನ ಮಾಡ್ಲಿಕ್ಕಾಗ್ತದ" ಎಂದು ಬೂಟು ಕಳಚಿ ಒಳಗೆ ಬಂದರು.

ಧಾರವಾಡದವರು. ನ್ಯೂಬ್ರನ್ಸ್‌ವಿಕ್ಕಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮೂರು ದಶಕದಿಂದ ಬೆಳಗಿನ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದವರು. ಗಂಡ ತೀರಿಕೊಂಡು ವರ್ಷವಾಗಿತ್ತು, ಜಾಕೆಟ್ಟು ಅವರದೇ. ಒಬ್ಬನೇ ಮಗ, ಇಲ್ಲೇ ಹುಟ್ಟಿ ಬೆಳೆದವನು, ಎಡಿಸನ್ನಿನಲ್ಲಿ ಮನೆ ಮಾಡಿಕೊಂಡು ಮ್ಯಾನ್‌ಹಟನ್ನಿನ ಬ್ಯಾಂಕಿಗೆ ರೈಲಿನಲ್ಲಿ ಓಡಾಡುತ್ತಿದ್ದ. ನಾನು ಅವರನ್ನು ಎಲ್ಲರ ಹಾಗೆ ಆಂಟಿ ಎಂದೆ. "ಆಂಟಿ ಅನಬ್ಯಾಡ. ಈ ಊರಾಗ ಬಸ್ಸಿನಾಗ ಪಕ್ಕಕ್ಕ ಕೂತಾಕಿನೂ ಆಂಟಿನೇ. ಮೌಶಿ ಅನು" ಎಂದರು. ಧಾರವಾಡದ ಕಡೆ ತಾಯಿಯ ತಂಗಿಗೆ ಮೌಶಿ ಎನ್ನುತ್ತಾರಂತೆ. ನನ್ನ ಮೈಸೂರಿನ ನಾಲಿಗೆಗೆ ಆ ಪದ ಕೂರಲು ಒಂದು ತಿಂಗಳು ಬೇಕಾಯಿತು. ಆಮೇಲೆ ಅವರನ್ನು ಬೇರೇನೂ ಕರೆಯಲಿಲ್ಲ.

ಮೌಶಿ ಯಾವತ್ತೂ ಹೇಳಿ ಬಂದವರಲ್ಲ. ಇದನ್ನು ಓದುವವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ನ್ಯೂಜೆರ್ಸಿಯಲ್ಲಿ ನೀವು ಮೂರು ವಾರ ಮುಂಚೆ ಗೊತ್ತುಮಾಡದೆ ಅಣ್ಣನ ಮನೆಯಲ್ಲೂ ಒಂದು ಲೋಟ ಸಾರು ಕುಡಿಯುವ ಹಾಗಿಲ್ಲ. ಊಟಕ್ಕೆ ಕರೆಯುವವರು ಮೊದಲು ತಾರೀಖು ಕೇಳುತ್ತಾರೆ, ಆಮೇಲೆ ಅಲರ್ಜಿ ಕೇಳುತ್ತಾರೆ, ಹಿಂದಿನ ದಿನ ನೆನಪಿಸುತ್ತಾರೆ, ಅವತ್ತು ಹೊರಡುವಾಗ ನೀವು "ಆನ್ ದ ವೇ" ಎಂದು ಟೆಕ್ಸ್ಟ್ ಮಾಡಬೇಕು. ನನ್ನ ಗಂಡನೂ ಇದೇ ಮತದವರು. "ಬರೋ ಮುಂಚೆ ಒಂದು ಟೆಕ್ಸ್ಟ್ ಮಾಡೋಕೆ ಏನಂತೆ ಅವರಿಗೆ?" ಎಂದು ಗೊಣಗುತ್ತಿದ್ದರು. ಒಂದು ದಿನ ಅದು ಮೌಶಿಯ ಕಿವಿಗೇ ಬಿತ್ತು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

"ನಾ ಬರ್ತೀನಿ ಅಂತ ಮೊದಲ ಹೇಳಿದ್ರ ಮನಿ ಸ್ವಚ್ಛ ಮಾಡ್ತೀರಿ, ಮಾರಿ ಸ್ವಚ್ಛ ಮಾಡ್ತೀರಿ. ನಾ ಬರೂದು ನಿಮ್ಮನ್ನ ನೋಡ್ಲಿಕ್ಕೆ. ಸ್ವಚ್ಛ ಮಾಡಿದ್ದನ್ನ ನೋಡ್ಲಿಕ್ಕೆ ಅಲ್ಲ."

ಎರಡನೆಯ ವರ್ಷ ನನ್ನ ಹೊಟ್ಟೆಯಲ್ಲಿದ್ದ ಮಗು ಐದನೇ ತಿಂಗಳಲ್ಲಿ ಹೋಯಿತು. ಆಗ ನಮ್ಮ ಕನ್ನಡದವರು ಬಹಳ ಮಾಡಿದರು, ಇಲ್ಲವೆನ್ನಲಾರೆ. ಯಾರು ಯಾವ ದಿನ ಊಟ ಕೊಡಬೇಕೆಂದು ಆನ್‌ಲೈನಿನಲ್ಲಿ ಹೆಸರು ಹಾಕಿಕೊಂಡರು. ಸಂಜೆ ಆರಕ್ಕೆ ಬೆಲ್ಲು ಹೊಡೆಯುತ್ತಿತ್ತು. ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಫಾಯಿಲ್ ಟ್ರೇ, ದೂರದಲ್ಲಿ ಹೊರಟುಹೋಗುತ್ತಿರುವ ಕಾರಿನ ಹಿಂದಿನ ದೀಪ. ನನಗೆ ತೊಂದರೆ ಕೊಡಬಾರದೆಂದು ಹಾಗೆ ಮಾಡುತ್ತಿದ್ದರು. ಫೋನಿನ ತುಂಬ ಒಂದೇ ಮಾತು, ಏನಾದರೂ ಬೇಕಾದರೆ ಹೇಳು. ಏನು ಬೇಕು ಎಂದು ನನಗೇ ಗೊತ್ತಿರಲಿಲ್ಲ.

ಮೌಶಿ ಹಿಂಬಾಗಿಲಿನಿಂದ ಬಂದರು. ಏನೂ ಕೇಳಲಿಲ್ಲ. ನಾನು ಮಲಗಿದ್ದ ಸೋಫಾದ ಕೆಳಗೆ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸತೊಡಗಿದರು. ಮಾರನೆಯ ದಿನವೂ ಬಂದರು. ನಾನು ಅತ್ತಾಗ ಕಾಯಿ ಬಿಡಿಸುವುದನ್ನು ನಿಲ್ಲಿಸುತ್ತಿರಲಿಲ್ಲ, ಎದ್ದು ಹೋಗುತ್ತಲೂ ಇರಲಿಲ್ಲ. ಒಂದು ದಿನ ಮಾತ್ರ ನನ್ನ ಫೋನಿನಲ್ಲಿ ಬಂದ ಮೆಸೇಜನ್ನು ನಾನು ಓದಿ ಹೇಳಿದಾಗ, "ಬೇಕಾದ್ರ ಹೇಳು ಅಂತಾರ. ಬೇಕಾದ್ದು ಹೇಳ್ಲಿಕ್ಕೆ ಬಂದಿದ್ರ ಮನುಷ್ಯಾ ಅಳತಿದ್ದನೇನ?" ಎಂದರು. ಆ ತಿಂಗಳು ನಾನು ಬದುಕಿ ಉಳಿದದ್ದು ಅವರಿಂದ. ಇದನ್ನು ಉತ್ಪ್ರೇಕ್ಷೆಗೆ ಹೇಳುತ್ತಿಲ್ಲ. ಆಮೇಲೆ ಬೇಸಗೆಯಲ್ಲಿ ತಮ್ಮ ಹಳೇ ಕಾರಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ.

ಅವರ ಲ್ಯಾಬಿನಲ್ಲಿ ಕೋಸ್ಟರಿಕಾದ ಹೆಂಗಸೊಬ್ಬಳಿದ್ದಳು. ಮಧ್ಯಾಹ್ನದ ಊಟದ ಮೇಜಿನಲ್ಲಿ ಮೌಶಿ ಅವಳಿಗೆ ಶೇಂಗಾ ಚಟ್ನಿ ಬಡಿಸುತ್ತಿದ್ದರು, ಅವಳು ಇವರಿಗೆ ಸ್ಪ್ಯಾನಿಷ್ ಬಡಿಸುತ್ತಿದ್ದಳು. ಹಾಗೇ ವರ್ಷಗಟ್ಟಲೆ ನಡೆದು ಮೌಶಿಯ ಸ್ಪ್ಯಾನಿಷ್ ಚೆನ್ನಾಗಿಯೇ ಕುದುರಿತ್ತು. ಮೌಶಿ ನಿವೃತ್ತರಾದ ವರ್ಷ ಆಕೆ ಅವರನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಎರಡು ವಾರಕ್ಕೆಂದು ಹೋದ ಮೌಶಿ ಎರಡು ತಿಂಗಳು ಇದ್ದು ಬಂದರು. ಬಂದವರೇ ನನ್ನ ಅಡಿಗೆಮನೆಯಲ್ಲಿ ನಿಂತು ಹೇಳಿದ್ದು ಹವೆಯ ಬಗ್ಗೆಯಲ್ಲ, ಬೆಟ್ಟದ ಬಗ್ಗೆಯಲ್ಲ.

"ಅಲ್ಲೆ ಬೆಲ್ಲೇ ಇಲ್ಲವಾ! ಗೇಟಿನಾಗ ನಿಂತು 'ಊಪೆ!' ಅಂತ ಒದರ್ತಾರ. ನಮ್ಮ ಓಣ್ಯಾಗ 'ವೈನೀ, ಇದ್ದೀರೇನ್ರೀ' ಅಂತಿದ್ರಲ್ಲಾ, ಥೇಟ್ ಹಂಗ. ಒದರಿ, ಉತ್ತರ ಬರೂದ್ರಾಗ ಒಳಗ ಬಂದು ಕೂತಿರ್ತಾರ. ಮತ್ತ ಮಂದಿ ಎಷ್ಟ ಮರ್ಯಾದಿ ಅಂತೀ, ನಾಯಿಗೂ ಬಹುವಚನ!"

ಕೆಂಡಲ್ ಪಾರ್ಕಿನ ಮನೆ ಮಾರಿ ಅಲ್ಲಿಗೇ ಹೋಗಿ ಇರುತ್ತೇನೆ ಎಂದು ಅವರು ಹೇಳಿದ್ದು ಯುಗಾದಿಯ ಊಟದ ಪಂಕ್ತಿಯಲ್ಲಿ. ಒಬ್ಬಟ್ಟು ತಿನ್ನುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಹೋಗುವುದೇ ಆದರೆ ಧಾರವಾಡಕ್ಕೆ ಹೋಗಬಾರದೇ ಎಂದರು ಒಬ್ಬರು. "ಧಾರವಾಡದಾಗ ನಮ್ಮ ಓಣಿ ಇಲ್ಲರೀ ಈಗ. ಅಪಾರ್ಟ್‌ಮೆಂಟ್ ಅದ. ವಾಚಮನ್ ಫೋನ್ ಮಾಡಿ ಕೇಳಿ ಒಳಗ ಬಿಡ್ತಾನ" ಎಂದರು ಮೌಶಿ. ಗುರುತು ಪರಿಚಯವಿಲ್ಲದ ದೇಶ, ಭಾಷೆ ಬೇರೆ, ಧರ್ಮ ಬೇರೆ, ವಯಸ್ಸಾದ ಕಾಲಕ್ಕೆ ಯಾರು ನೋಡುತ್ತಾರೆ ಎಂದರು ಇನ್ನೊಬ್ಬರು. ಆ ಇನ್ನೊಬ್ಬರು ಮೌಶಿಯ ಮನೆಗೆ ಬಂದು ಎಷ್ಟು ವರ್ಷವಾಗಿತ್ತೋ ಅವರನ್ನೇ ಕೇಳಬೇಕು.

ಮಗನಿಗೆ ಮಾತ್ರ ನಿಜವಾಗಿ ನೋವಾಯಿತು. ಅವನು ಕೆಟ್ಟವನಲ್ಲ. ಶನಿವಾರ ನಾಲ್ಕು ಗಂಟೆಗೆ ತಪ್ಪದೆ ಬರುತ್ತಿದ್ದ. ಅವನ ಫೋನಿನ ಕ್ಯಾಲೆಂಡರಿನಲ್ಲಿ ಅದು ಇತ್ತು, ಆರಕ್ಕೆ ಹೊರಡುವ ಗಂಟೆಯೂ ಬಾರಿಸುತ್ತಿತ್ತು. "ಬಟ್ ಯು ಹ್ಯಾವ್ ಮಿ, ಅಮ್ಮಾ" ಎಂದ. "ನೀ ಇದ್ದೀಯಪಾ. ಶನಿವಾರಕ್ಕ ಇದ್ದೀ" ಎಂದರು ಮೌಶಿ, ಅವನ ಬೆನ್ನು ಸವರುತ್ತ. ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ. ಇರುವುದನ್ನು ಹೇಳಿದರು.

ಹೋದರು. ಎರಡು ವರ್ಷದ ಮೇಲೆ ನಾನೂ ಹೋಗಿ ಒಂದು ವಾರ ಇದ್ದು ಬಂದೆ. ಬೆಟ್ಟದ ಮಗ್ಗುಲಿನ ಸಣ್ಣ ಊರು. ಲ್ಯಾಬಿನ ಗೆಳತಿ ಅಷ್ಟರಲ್ಲಿ ಮಗಳ ಜೊತೆ ಇರಲು ಬೇರೆ ಊರಿಗೆ ಹೋಗಿದ್ದಳು. ಬಾಡಿಗೆಗೆ ಹಿಡಿದ ಸಣ್ಣ ಮನೆ, ಮುಂದೆ ಉದ್ದನೆಯ ಪಡಸಾಲೆ. ನಮ್ಮ ಹಳೇ ಮನೆಗಳಲ್ಲಿದ್ದಂಥ ಕೆಂಪು ನೆಲ, ಒರೆಸಿ ಒರೆಸಿ ಹೊಳೆಯುತ್ತಿತ್ತು. ಕಾಫಿಯನ್ನು ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ಮೈಸೂರಿನವಳಾಗಿ ನಾನು ಆ ಕಾಫಿಗೆ ತಲೆಬಾಗಿದೆ. ಬೆಳಿಗ್ಗೆ ಏಳಕ್ಕೆ ಗೇಟಿನಲ್ಲಿ ಮೊದಲ "ಊಪೆ!" ಕೇಳಿತು. ಮೌಶಿ ಒಲೆಯ ಮುಂದಿನಿಂದಲೇ "ಬರ್ರೀ!" ಎಂದು ಕನ್ನಡದಲ್ಲಿ ಕೂಗಿದರು. ಬಂದದ್ದು ಪಕ್ಕದ ಮನೆಯಾಕೆ, ಮೌಶಿಗಿಂತ ನಾಲ್ಕೈದು ವರ್ಷ ಚಿಕ್ಕವಳು, ಕೈಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಪಾತ್ರೆ. ಇಬ್ಬರೂ ಎದುರುಬದುರು ಕೂತು, ಆಕೆ ಅವರ ರೊಟ್ಟಿ, ಮೌಶಿ ನಮ್ಮ ರೊಟ್ಟಿ ತಟ್ಟತೊಡಗಿದರು. ಮಧ್ಯಾಹ್ನದೊಳಗೆ ಆ ಮನೆಗೆ ಆರೇಳು ಮಂದಿ ಬಂದು ಹೋದರು. ಯಾರಿಗೂ ಕೆಲಸವೆಂಬುದೇನೂ ಇದ್ದ ಹಾಗೆ ಕಾಣಲಿಲ್ಲ. ಕೂತರು, ನಕ್ಕರು, ನನ್ನ ಗಲ್ಲ ಹಿಡಿದು ಏನೋ ಹೇಳಿದರು, ಎದ್ದರು. ಮೌಶಿಯ ಮೈ ತುಂಬಿಕೊಂಡಿತ್ತು. ಅವರು ಅಷ್ಟು ಚೆಲುವೆ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

"ಇಲ್ಲೇ ಸಾಯ್ತೀನಿ ನೋಡು" ಎಂದರು ಸಂಜೆ, ಹಬ್ಬದ ಸುದ್ದಿ ಹೇಳುವವರ ಹಾಗೆ.

ಮಾರನೆಯ ವರ್ಷದ ಮಳೆಗಾಲದಲ್ಲಿ ಪಡಸಾಲೆಯ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅಲ್ಲಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಮನೆಗೆ ಬಂದ ಮೇಲೆ ಓಣಿಯ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಬಂದು ನೋಡಿಕೊಂಡರು. ಮಗ ವಿಮಾನ ಹತ್ತಿ ಓಡಿದ. ಅವನು ಮನೆಯೊಳಗೆ ಕಾಲಿಟ್ಟಾಗ ಪಕ್ಕದ ಮನೆಯಾಕೆ ಮೌಶಿಯ ತಲೆಗೆ ನೀರು ಹಾಕುತ್ತಿದ್ದಳಂತೆ, ಆಕೆಯ ಗಂಡ ಕುರ್ಚಿಯನ್ನು ಅಲುಗದ ಹಾಗೆ ಹಿಂದಿನಿಂದ ಹಿಡಿದು, ಮುಖ ಆಚೆ ತಿರುಗಿಸಿ ನಿಂತಿದ್ದನಂತೆ. ಅವತ್ತು ಮಗ ನನಗೆ ಫೋನ್ ಮಾಡಿದ. ನನಗಿಂತ ಕೆಲವೇ ವರ್ಷ ಚಿಕ್ಕವನಾದರೂ ಇಲ್ಲಿನ ರೂಢಿಯಂತೆ ನಾನೂ ಅವನಿಗೆ ಆಂಟಿ.

"ಆಂಟಿ, ಸ್ಟ್ರೇಂಜರ್ಸ್ ಆರ್ ಬೇದಿಂಗ್ ಹರ್. ನಾನು ಇದ್ದೀನಿ ಅಲ್ವಾ? ಐ ಆಮ್ ಹರ್ ಸನ್."

ಆ ಮನೆಯಲ್ಲಿ ನಡೆಯುತ್ತಿದ್ದದ್ದು ಅವನಿಗೆ ಕಾಣಲಿಲ್ಲ. ಮಗನಿದ್ದೂ ತಾಯಿ ಬೇರೆಯವರ ಕೈಯಲ್ಲಿ ಸ್ನಾನ ಮಾಡುವ ಗತಿ ಬಂತಲ್ಲ ಎಂಬುದಷ್ಟೇ ಕಂಡಿತು. ಕನ್ನಡ ಸರಿಯಾಗಿ ಬಾರದ ಹುಡುಗನಿಗೆ ಈ ನಾಚಿಕೆ ಮಾತ್ರ ನಮ್ಮಿಂದ ಪೂರ್ತಿಯಾಗಿ ಬಂದಿತ್ತು. ಮೂಳೆ ಕೂಡಿಕೊಂಡು ಪ್ರಯಾಣ ಮಾಡಬಹುದೆಂದು ಡಾಕ್ಟರು ಹೇಳುವವರೆಗೆ ಕಾದು, ಮೌಶಿಯನ್ನು ಎಡಿಸನ್ನಿಗೆ ಕರೆತಂದ. ನಮ್ಮವರೆಲ್ಲ ಮೆಚ್ಚಿಕೊಂಡರು. ಮಗ ಅಂದರೆ ಇಂಥವನಿರಬೇಕು ಎಂದರು. ದೀಪಾವಳಿಯ ಸಭೆಯಲ್ಲಿ ಯಾರೋ ಮೈಕಿನಲ್ಲೂ ಹೇಳಿದರು, ಚಪ್ಪಾಳೆ ಬಿತ್ತು. ನನಗೆ ಆ ಚಪ್ಪಾಳೆ ಹೊಡೆದವರ ಮೇಲೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಅವನು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕೆಳಗಿನ ಕೋಣೆ ಅವರಿಗಾಗಿ ಸಿದ್ಧ ಮಾಡಿಸಿದ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಬೆಚ್ಚಗಿನ ಹಾಸಿಗೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೋಡಿಕೊಳ್ಳುವ ಹೆಂಗಸು. ಆಫೀಸಿನಿಂದಲೂ ನೋಡುತ್ತಿರಬಹುದೆಂದು ಗೋಡೆಯ ಮೂಲೆಗೊಂದು ಕ್ಯಾಮೆರಾ. ನಾನು ಆ ಮನೆಗೆ ಹೋಗಬೇಕಾದರೆ ಅವನಿಗೆ ತಿಳಿಸಬೇಕು, ಅವನು ಆಫೀಸಿನಿಂದ ಬಾಗಿಲು ತೆಗೆಯುತ್ತಿದ್ದ. ಮೌಶಿ ಕಿಟಕಿಯ ಪಕ್ಕ ಕೂತಿರುತ್ತಿದ್ದರು. ಹೊರಗೆ ಒಂದೇ ಬಣ್ಣದ ಗ್ಯಾರೇಜು ಬಾಗಿಲುಗಳ ಸಾಲು.

"ಕ್ಯಾಮೆರಾ ಛಲೋ ಅದ. ದಿನಾ ಪೂರ್ತಿ ನೋಡ್ತದ. ಮಾತಾಡ್ಸೂದಿಲ್ಲ ಅಷ್ಟ" ಎಂದರು ಒಂದು ಸಲ.

ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ನೀವು ಯಾಕೆ ಒಪ್ಕೊಂಡ್ರಿ ಮೌಶಿ? ಬರೋದಿಲ್ಲ ಅನ್ನಬೇಕಿತ್ತು. ನೀವು ಯಾರ ಮಾತು ಕೇಳೋರು!"

ಅವರು ಗೋಡೆಯ ಮೂಲೆಯ ಕ್ಯಾಮೆರಾದ ಕಡೆ ಒಮ್ಮೆ ನೋಡಿದರು.

"ಮಗಾ ಅಳ್ಲಿಕ್ಕತ್ತಿದ್ದ" ಎಂದರು. "ಅವರಪ್ಪ ಸತ್ತಾಗ ಅಳಲಿಲ್ಲ ಅಂವಾ. ದವಾಖಾನಿ ಫಾರ್ಮ್ ತುಂಬಿದ, ಫೋನ್ ಮಾಡಿದ, ಎಲ್ಲಾ ಛಂದಂಗ ಮಾಡಿದ. ಅಲ್ಲೆ ಬಂದು ನನ್ನ ಮಂಚಾ ಹಿಡದು ಅತ್ತಾ ನೋಡು, ಸಣ್ಣ ಕೂಸಿನಂಗ. ಬರೂದಿಲ್ಲ ಅಂತ ಹ್ಯಾಂಗ ಹೇಳ್ಲಿ? ಅಲ್ಲಿಯ ಮಂದಿ ನನ್ನ ನೋಡ್ಕೋತಿದ್ರು. ಅವನ್ನ ಯಾರು ನೋಡ್ಕೋಬೇಕು?"

ಅವರ ಸೆರಗು ಸರಿಮಾಡಿ ಬಂದೆ.

ಎಡಿಸನ್ನಿನ ಎರಡನೆಯ ಚಳಿಗಾಲವನ್ನು ಅವರು ದಾಟಲಿಲ್ಲ. ಕಾಯಿಲೆಯೆಂದು ಹೇಳುವಂಥದ್ದೇನೂ ಇರಲಿಲ್ಲ. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಯಾವಾಗಲಾದರೊಮ್ಮೆ ಕೋಸ್ಟರಿಕಾದಿಂದ ಪಕ್ಕದ ಮನೆಯಾಕೆಯ ವಿಡಿಯೋ ಕಾಲ್ ಬಂದರೆ ಮಾತ್ರ ಎದ್ದು ಕೂರುತ್ತಿದ್ದರು. ಒಂದು ಮಧ್ಯಾಹ್ನ, ನೋಡಿಕೊಳ್ಳುವ ಹೆಂಗಸು ಹೊರಟುಹೋದ ಮೇಲೆ, ಮಗ ಬರುವ ಮೊದಲು, ಮಲಗಿದಲ್ಲೇ ಹೋದರು. ಅವನು ಆಫೀಸಿನಲ್ಲಿ ಕ್ಯಾಮೆರಾ ತೆರೆದು ನೋಡಿದ್ದನಂತೆ. ಮಲಗಿದ್ದಾರೆ ಎಂದುಕೊಂಡು ಮುಚ್ಚಿದನಂತೆ. ಇದನ್ನು ಅವನು ನನಗೆ ಹೇಳಿದ್ದು ಒಂದೇ ಸಲ.

ದಹನವಾದ ಮೇಲಿನ ಭಾನುವಾರ ಒಂದು ಹಾಲಿನಲ್ಲಿ ಶ್ರದ್ಧಾಂಜಲಿ ಇಟ್ಟುಕೊಂಡಿದ್ದೆವು, ಎರಡರಿಂದ ನಾಲ್ಕರವರೆಗೆ. ಬರುವವರು ಮೊದಲೇ ತಿಳಿಸಿದ್ದರು, ಅಷ್ಟೇ ಕುರ್ಚಿ ಹಾಕಿಸಿದ್ದೆವು. ಮಗ ಇಂಗ್ಲಿಷಿನಲ್ಲಿ ಬರೆದು ತಂದದ್ದನ್ನು ಓದಿದ. ಚೆನ್ನಾಗಿ ಬರೆದಿದ್ದ. ಒಂದು ಕಡೆ ನಿಲ್ಲಿಸಿ ನೀರು ಕುಡಿದು ಮುಗಿಸಿದ. ನಾಲ್ಕಕ್ಕೆ ಮುಂದಿನ ಪಾರ್ಟಿಯ ಬಲೂನಿನವರು ಬಾಗಿಲಲ್ಲಿ ನಿಂತಿದ್ದರು. ಎಲ್ಲರೂ ಅವನ ಭುಜ ತಟ್ಟಿ, ಬೇಕಾದರೆ ಹೇಳು ಎಂದು ಹೊರಟರು. ನಾನೂ ಕುರ್ಚಿ ಮಡಚಲು ಸಹಾಯ ಮಾಡಿ ಹೊರಟೆ.

ಮಾರ್ಚಿನಲ್ಲಿ ಅವನು ಕೋಸ್ಟರಿಕಾಕ್ಕೆ ಹೋದ. ಮೌಶಿ ಅಲ್ಲಿನ ಬಾಡಿಗೆ ಮನೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಸೊಂಟ ನೆಟ್ಟಗಾದ ಮೇಲೆ ಮತ್ತೆ ಹೋಗುತ್ತೇನೆಂದೇ ಇದ್ದರು. ಸಾಮಾನು ಯಾರಿಗಾದರೂ ಕೊಟ್ಟು, ಬೀಗದ ಕೈ ಒಪ್ಪಿಸಿ ಮೂರನೆಯ ದಿನ ಹಿಂದಿರುಗುವುದೆಂದು ಟಿಕೆಟ್ಟು ತೆಗೆದಿದ್ದ. ಅಲ್ಲಿನವರಿಗೆ ಸುದ್ದಿ ಗೊತ್ತಿರಲಿಲ್ಲ. ಫೋನಿನಲ್ಲಿ ಹೇಳುವ ಧೈರ್ಯ ಅವನಿಗಾಗಲಿ ನನಗಾಗಲಿ ಬಂದಿರಲಿಲ್ಲ. ಹೋದ ಮಾರನೆಯ ಬೆಳಿಗ್ಗೆ ನನಗೆ ಫೋನ್ ಮಾಡಿದ. ಧ್ವನಿ ಅವನದಲ್ಲ ಎನ್ನುವ ಹಾಗಿತ್ತು.

"ಆಂಟಿ, ನಾನು ಗೇಟ್ ಹತ್ರ ಆ ಲೇಡಿಗೆ ಹೇಳ್ದೆ. ಶೀ ಜಸ್ಟ್ ಹೆಲ್ಡ್ ಮಿ. ಸಂಜೆ ಹೊತ್ತಿಗೆ ಮನೆ ತುಂಬಾ ಜನ. ಕ್ಯಾಂಡಲ್ಸ್, ಫ್ಲವರ್ಸ್, ಅಮ್ಮನ ಫೋಟೋ. ಅವರ ಪ್ರೇಯರ್ ಹೇಳ್ತಿದಾರೆ. ಒಂಬತ್ತು ದಿನ ಮಾಡ್ತಾರಂತೆ, ಇಲ್ಲಿ ಯಾರು ಹೋದ್ರೂ ಹಾಗೇನಂತೆ. ಅಮ್ಮ ಈಸ್ ನಾಟ್ ಈವನ್ ಕ್ಯಾಥೊಲಿಕ್. ಈಸ್ ದಟ್ ಓಕೆ?"

"ನಿಮ್ಮಮ್ಮ ಯಾರ ದೇವರನ್ನೂ ಬಾಗಿಲಲ್ಲಿ ನಿಲ್ಲಿಸಿದವರಲ್ಲ ಕಣಪ್ಪ. ಮಾಡಲಿ" ಎಂದೆ.

"ನಾಳೆ ನನ್ನ ಫ್ಲೈಟ್ ಇದೆ" ಎಂದ. ಹಿಂದೆ ಗೇಟಿನಲ್ಲಿ ಯಾರೋ "ಊಪೆ!" ಎಂದದ್ದು ಕೇಳಿತು. ಆಮೇಲೆ "ಆಂಟಿ, ಶುಡ್ ಐ ಹ್ಯಾವ್ ಲೆಫ್ಟ್ ಹರ್ ಹಿಯರ್?" ಎಂದು ಕೇಳಿದ.

ನನ್ನದು ಹರಿತ ನಾಲಿಗೆ ಎಂದು ಊರಿಗೆಲ್ಲ ಗೊತ್ತು. ಈ ಪ್ರಶ್ನೆಗೆ ಉತ್ತರವೂ ಒಂದೂವರೆ ವರ್ಷದಿಂದ ಅದರ ತುದಿಯಲ್ಲೇ ಇತ್ತು. ಆದರೆ ಅವನನ್ನು ಯಾರು ನೋಡಿಕೊಳ್ಳಬೇಕು ಎಂದು ಆ ತಾಯಿ ಕೇಳಿದ್ದು ನನ್ನನ್ನು. ಹೌದು ಎನ್ನಲಾಗಲಿಲ್ಲ. ಇಲ್ಲ ಎಂದು ಸುಳ್ಳು ಹೇಳಲೂ ಆಗಲಿಲ್ಲ.

"ಟಿಕೆಟ್ ಚೇಂಜ್ ಮಾಡು" ಎಂದೆ. "ಒಂಬತ್ತು ದಿನ ಮುಗಿಯೋವರೆಗೂ ಅಲ್ಲೇ ಕೂತಿರು."

ಮೀಟಿಂಗುಗಳಿವೆ ಎಂದು ಹೇಳುತ್ತಾನೆಂದುಕೊಂಡಿದ್ದೆ. ಹೇಳಲಿಲ್ಲ. ಟಿಕೆಟ್ ಬದಲಾಯಿಸಿದ. ಅಷ್ಟು ದಿನ ಒಂದು ಫೋಟೋ ಕಳಿಸಲಿಲ್ಲ, ಫೋನೂ ಮಾಡಲಿಲ್ಲ.

ನ್ಯೂಆರ್ಕ್ ಏರ್‌ಪೋರ್ಟಿನಿಂದ ನಾನೇ ಅವನನ್ನು ಕರೆತಂದೆ. ಗಡ್ಡ ಬಂದಿತ್ತು, ಮುಖ ಸುಟ್ಟು ಕಪ್ಪಾಗಿತ್ತು. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಎಡಿಸನ್ ಎಕ್ಸಿಟ್ ಹತ್ತಿರವಾದಾಗ, ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ, ಅವನಿಗೆ ಬರುವಷ್ಟು ಕನ್ನಡದಲ್ಲಿ ಹೇಳಿದ.

"ನಾನು ದಿನಾ ಅಳ್ತಾ ಇದ್ದೆ, ಆಂಟಿ. ಯಾರೂ ಎದ್ದು ಹೋಗ್ಲಿಲ್ಲ."